ಹೊಲಕ್ಕೆ ಬರುವ ಎರಡು ಬಗೆಯ ವಿದ್ಯುತ್ಪ್ರವಾಹಗಳು

ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳಲ್ಲಿ ನೀರಾವರಿಯ ಬಹುಭಾಗವು ವಿದ್ಯುತ್ತನ್ನು ಅವಲಂಬಿಸಿರುವುದು. ಭೀಮಾ ನದಿಯ ದಂಡೆಯ ಕಬ್ಬಿನ ಹೊಲಗಳಿಗೆ ನದಿಯಿಂದಲೇ ನೀರೆತ್ತುವ ಪಂಪುಗಳುಂಟು. ಆಳಂದದ ಕಡೆ ತೆರೆದ ಬಾವಿಗಳಲ್ಲಿಯೂ ಕೊಳವೆ ಬಾವಿಗಳಲ್ಲಿಯೂ ಪಂಪುಗಳುಂಟು. ಜೇವರ್ಗಿಯ ಕೆಲವು ಗ್ರಾಮಗಳಿಗೆ ಕೃಷ್ಣಾ ಮೇಲ್ದಂಡೆಯ ಕಾಲುವೆಯ ನೀರು ದೊರೆಯುವುದಾದರೂ ಕಾಲುವೆ ಮುಟ್ಟದ ಹೊಲಗಳಿಗೆ ಪಂಪೇ ಗತಿ. ಬಹುಕಾಲದವರೆಗೆ ಈ ಪಂಪುಗಳೆಲ್ಲವೂ ಕಂಬದ ತಂತಿಯಿಂದ ಬರುವ ವಿದ್ಯುತ್ತಿನಿಂದಲೇ ನಡೆಯುತ್ತಿದ್ದವು. ಕೇಂದ್ರ ಸರ್ಕಾರವು 2019ರಲ್ಲಿ ಪಿ.ಎಂ. ಕುಸುಮ್ ಯೋಜನೆಯನ್ನು ಆರಂಭಿಸಿದ ತರುವಾಯ ಬಿಸಿಲಿನಿಂದ ನಡೆಯುವ ಪಂಪುಗಳ ವಿಚಾರವು ಹಳ್ಳಿಹಳ್ಳಿಗೂ ತಲುಪಿತು. ಒಂದೇ ಹೊಲದ ಒಂದು ಬದುವಿನ ಮೇಲೆ ಟಿ.ಸಿ.ಯ ಕಂಬವೂ ಇನ್ನೊಂದು ಬದುವಿನ ಮೇಲೆ ಸೌರಫಲಕಗಳ ಸಾಲೂ ನಿಂತಿರುವುದು ಈಗ ಅಪರೂಪದ ನೋಟವಲ್ಲ.

ಆದರೆ ಈ ಎರಡರಿಂದ ಬರುವ ವಿದ್ಯುತ್ತು ಒಂದೇ ಜಾತಿಯದಲ್ಲ. ಕಂಬದಿಂದ ಬರುವುದು ಪರ್ಯಾಯ ಪ್ರವಾಹ. ಅಂಗಡಿಯವರು ಇದನ್ನು ಏ.ಸಿ. ಎನ್ನುವರು. ಫಲಕದಿಂದಲೂ ಬ್ಯಾಟರಿಯಿಂದಲೂ ಬರುವುದು ನೇರ ಪ್ರವಾಹ, ಇದಕ್ಕೆ ಡಿ.ಸಿ. ಎಂದು ಹೆಸರು. ಒಂದಕ್ಕೆ ಸಲ್ಲುವ ಸ್ವಿಚ್ಚು ಇನ್ನೊಂದಕ್ಕೆ ಸಲ್ಲದು. ಒಂದರಲ್ಲಿ ಚೆನ್ನಾಗಿ ತಿರುಗುವ ಮೋಟಾರು ಇನ್ನೊಂದರಲ್ಲಿ ಕ್ಷಣಮಾತ್ರದಲ್ಲಿ ಸುಟ್ಟುಹೋಗುವುದು. ಈ ಭೇದವನ್ನು ಅರಿಯದವರು ಹಣವನ್ನು ಕಳೆದುಕೊಳ್ಳುವುದಲ್ಲದೆ ಕೆಲವು ವೇಳೆ ಪ್ರಾಣಕ್ಕೂ ಎರವಾಗುವ ಸಂಭವವುಂಟಾದ ಕಾರಣ, ಜಮೀನುದಾರರೂ ಗ್ರಾಮದ ಮುಖಂಡರೂ ಇದನ್ನು ತಿಳಿದು ತಮ್ಮ ಆಳುಮಕ್ಕಳಿಗೂ ತಿಳಿಸುವುದು ಅವಶ್ಯವಾಗಿರುತ್ತದೆ.

ನೇರ ಪ್ರವಾಹವು ಕಾಲುವೆಯ ನೀರಿನಂತೆ. ತೂಬು ತೆರೆದೊಡನೆ ಅದು ಒಂದೇ ದಿಕ್ಕಿಗೆ ಹರಿಯುವುದು; ಹಿಂದಿರುಗುವುದೆಂಬುದಿಲ್ಲ. ಟ್ರ್ಯಾಕ್ಟರಿನ 12 ವೋಲ್ಟಿನ ಬ್ಯಾಟರಿ, ಕೈದೀಪದ ಸೆಲ್ಲು, ಸೌರಫಲಕ ಇವೆಲ್ಲವೂ ಈ ಬಗೆಯ ಪ್ರವಾಹವನ್ನು ಕೊಡುವುವು. ಇವುಗಳಿಗೆ ಕೂಡು ಗುರುತಿನ ಒಂದು ತುದಿಯೂ ಕಳೆ ಗುರುತಿನ ಒಂದು ತುದಿಯೂ ನಿಶ್ಚಿತವಾಗಿರುವುವು. ಅದಲು ಬದಲು ಮಾಡಿದರೆ ಕೆಲಸ ಕೆಡುವುದು. ಪರ್ಯಾಯ ಪ್ರವಾಹವಾದರೋ ಮಜ್ಜಿಗೆ ಕಡೆಯುವ ಹಗ್ಗದಂತೆ. ಹಗ್ಗವು ಒಮ್ಮೆ ಬಲಕ್ಕೆ ಒಮ್ಮೆ ಎಡಕ್ಕೆ ಎಳೆಯಲ್ಪಡುತ್ತ ಇದ್ದಲ್ಲಿಯೇ ಇರುವುದು, ಎಲ್ಲಿಗೂ ಹೋಗುವುದಿಲ್ಲ; ಆದರೂ ಕಡಗೋಲು ತಿರುಗಿ ಬೆಣ್ಣೆ ಬರುವುದು. ಭಾರತದ ವಿದ್ಯುತ್ ಜಾಲದಲ್ಲಿ ಈ ಹೋಗಿಬರುವ ಆವರ್ತನವು ಸೆಕೆಂಡಿಗೆ 50 ಸಾರಿ ನಡೆಯುವುದು. ಎಂದರೆ ಪ್ರವಾಹವು ಒಂದು ಸೆಕೆಂಡಿನಲ್ಲಿ ನೂರು ಸಾರಿ ದಿಕ್ಕನ್ನು ಬದಲಾಯಿಸುವುದು. ದಿಕ್ಕು ಬದಲಾಗುವ ಪ್ರತಿಯೊಂದು ಸಾರಿಯೂ ಕ್ಷಣಾಂಶದ ಮಟ್ಟಿಗೆ ಪ್ರವಾಹವು ಸೊನ್ನೆಯಾಗುವುದು. ಸೊನ್ನೆಯಾಗುವ ಈ ಸಂಗತಿಯನ್ನು ಮನಸ್ಸಿನಲ್ಲಿಡತಕ್ಕದ್ದು. ಮುಂದೆ ಸ್ವಿಚ್ಚಿನ ವಿಚಾರದಲ್ಲಿ ಇದರ ಉಪಯೋಗವುಂಟು.

ಎಳೆದಾಡುವ ಪ್ರವಾಹಕ್ಕಿಂತ ನೆಟ್ಟಗೆ ಹರಿಯುವ ಪ್ರವಾಹವೇ ಸರಳವಲ್ಲವೆ, ಕಂಬಗಳಲ್ಲಿ ಅದನ್ನೇ ಏಕೆ ಕಳುಹಿಸಲಿಲ್ಲ ಎಂದು ಯಾರಾದರೂ ಕೇಳಬಹುದು. ಆರಂಭದಲ್ಲಿ ಹಾಗೆಯೇ ನಡೆಯಿತು. 1882ರಲ್ಲಿ ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ಎಡಿಸನ್ನನು ಸ್ಥಾಪಿಸಿದ ಕೇಂದ್ರವು ನೇರ ಪ್ರವಾಹವನ್ನೇ ಒದಗಿಸುತ್ತಿತ್ತು. ಆದರೆ ಸುಮಾರು ಒಂದು ಮೈಲಿಯ ಆಚೆಗೆ ಅದನ್ನು ಲಾಭದಾಯಕವಾಗಿ ಕೊಂಡೊಯ್ಯಲು ಆಗುತ್ತಿರಲಿಲ್ಲ. ಕಾರಣವು ಲೆಕ್ಕದಿಂದ ಸ್ಪಷ್ಟವಾಗುವುದು. ಒಂದು ಗ್ರಾಮಕ್ಕೆ 100 ಕಿಲೋವಾಟು ಶಕ್ತಿ ಬೇಕಾಗಿದೆಯೆಂದು ಭಾವಿಸಿದರೆ, 400 ವೋಲ್ಟಿನಲ್ಲಿ ಕಳುಹಿಸುವುದಕ್ಕೆ 250 ಆಂಪಿಯರ್ ಪ್ರವಾಹ ಬೇಕು. ಅದೇ ಶಕ್ತಿಯನ್ನು 11,000 ವೋಲ್ಟಿನಲ್ಲಿ ಕಳುಹಿಸಿದರೆ ಸುಮಾರು 9 ಆಂಪಿಯರ್ ಸಾಕು. ತಂತಿಯು ಕಾದು ವ್ಯರ್ಥವಾಗುವ ಶಕ್ತಿಯು ಪ್ರವಾಹದ ವರ್ಗವನ್ನು ಅನುಸರಿಸುವುದರಿಂದ, ಅದೇ ತಂತಿಯಲ್ಲಿ ಎರಡನೆಯ ಬಗೆಯ ನಷ್ಟವು ಮೊದಲನೆಯದರ ಏಳುನೂರ ಐವತ್ತರಲ್ಲಿ ಒಂದು ಪಾಲು ಮಾತ್ರ. ದೂರಕ್ಕೆ ಕಳುಹಿಸಬೇಕಾದರೆ ವೋಲ್ಟನ್ನು ಏರಿಸಬೇಕು; ಮನೆಗೆ ತರಬೇಕಾದರೆ ಇಳಿಸಬೇಕು. ಈ ಏರಿಳಿತದ ಕೆಲಸವನ್ನು ಟ್ರಾನ್ಸ್‌ಫಾರ್ಮರು ಚಲಿಸುವ ಭಾಗ ಒಂದೂ ಇಲ್ಲದೆ ಅತಿ ಸುಲಭವಾಗಿ ಮಾಡುವುದು. ಆದರೆ ಅದು ಪರ್ಯಾಯ ಪ್ರವಾಹದಲ್ಲಿ ಮಾತ್ರ ಮಾಡುವುದು. ನೇರ ಪ್ರವಾಹವನ್ನು ಅದಕ್ಕೆ ಕೊಟ್ಟರೆ ಮತ್ತೊಂದು ಕಡೆ ಏನೂ ಬರುವುದಿಲ್ಲ, ಸುರುಳಿಯು ಕಾದು ಸುಡುವುದಷ್ಟೆ. ಹಳ್ಳಿಯ ಟಿ.ಸಿ. ಎಂಬುದು ಈ ಯಂತ್ರವೇ.

ಮೈಸೂರು ಸಂಸ್ಥಾನವು ಈ ಉಪಾಯವನ್ನು ಬಹು ಬೇಗ ಕೈಗೊಂಡಿತು. 1902ರಲ್ಲಿ ಶಿವನಸಮುದ್ರದ ಕಾವೇರಿ ಜಲಪಾತದಿಂದ ಉತ್ಪಾದಿಸಿದ ಪರ್ಯಾಯ ಪ್ರವಾಹವನ್ನು 35,000 ವೋಲ್ಟಿಗೆ ಏರಿಸಿ, ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಒಯ್ಯಲಾಯಿತು. ಅಷ್ಟು ದೂರಕ್ಕೆ ವಿದ್ಯುತ್ತನ್ನು ಕಳುಹಿಸಿದ ದೇಶಗಳು ಆಗ ಜಗತ್ತಿನಲ್ಲಿ ಕೆಲವೇ. ಬೆಂಗಳೂರಿನ ಬೀದಿದೀಪಗಳು ಬಂದದ್ದು ಅನಂತರ, 1905ರಲ್ಲಿ.

ಪರ್ಯಾಯ ಪ್ರವಾಹಕ್ಕೂ ಒಂದು ಮಿತಿಯುಂಟು. ಎರಡು ಜಾಲಗಳನ್ನು ಒಂದಕ್ಕೊಂದು ಜೋಡಿಸಬೇಕಾದರೆ ಎರಡರ ಎಳೆತವೂ ಒಂದೇ ತಾಳದಲ್ಲಿರಬೇಕು. ತಾಳ ತಪ್ಪಿದ ಎರಡು ಕಡಗೋಲುಗಳಿಗೆ ಒಂದೇ ಹಗ್ಗ ಹಾಕಿದರೆ ಹಗ್ಗ ಹರಿಯುವುದು. ದಕ್ಷಿಣದ ರಾಜ್ಯಗಳ ಜಾಲವು ಬಹುಕಾಲ ಉಳಿದ ದೇಶದ ತಾಳದಲ್ಲಿರಲಿಲ್ಲ. ಆದ್ದರಿಂದ ನಡುವೆ ತಾಳವೇ ಇಲ್ಲದ ನೇರ ಪ್ರವಾಹದ ಸೇತುವೆಗಳನ್ನು ಕಟ್ಟಬೇಕಾಯಿತು. ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಭದ್ರಾವತಿಯಲ್ಲಿ ಅಂತಹುದೊಂದುಂಟು (ಇದು ಕಬ್ಬಿಣದ ಕಾರ್ಖಾನೆಯ ಭದ್ರಾವತಿಯಲ್ಲ). ಒಡಿಶಾದ ತಾಲ್ಚೇರಿನಿಂದ ಕೋಲಾರದವರೆಗೆ ಸುಮಾರು 1,370 ಕಿಲೋಮೀಟರ್ ಉದ್ದದ 500 ಕಿಲೋವೋಲ್ಟಿನ ನೇರ ಪ್ರವಾಹದ ಮಾರ್ಗವು 2003ರಲ್ಲಿ ಸಿದ್ಧವಾಯಿತು. ಕೊನೆಗೆ 2013ನೆಯ ಡಿಸೆಂಬರ್ 31ರಂದು ರಾಯಚೂರಿನಿಂದ ಸೊಲ್ಲಾಪುರಕ್ಕೆ ಎಳೆದ 765 ಕಿಲೋವೋಲ್ಟಿನ ಪರ್ಯಾಯ ಪ್ರವಾಹದ ಮಾರ್ಗದ ಮೂಲಕ ದಕ್ಷಿಣದ ಜಾಲವು ಉಳಿದ ದೇಶದ ತಾಳಕ್ಕೆ ಸೇರಿತು. ಒಂದು ತುದಿ ರಾಯಚೂರು, ಇನ್ನೊಂದು ತುದಿ ಆಳಂದ ಅಫಜಲಪುರದವರು ಸಂತೆ ವ್ಯಾಪಾರಕ್ಕೆ ಹೋಗಿಬರುವ ಸೊಲ್ಲಾಪುರ; ದೇಶದ ಜಾಲವೆಲ್ಲ ಒಂದಾದದ್ದು ಈ ಸೀಮೆಯ ನೆರೆಯಲ್ಲಿಯೇ ಎಂಬುದು ಇಲ್ಲಿಯ ಜನರಿಗೆ ಅಷ್ಟಾಗಿ ತಿಳಿದಿರಲಾರದು.

ಇನ್ನು ಹೊಲದ ವಿಚಾರ. ಕಂಬದಿಂದ ಪಂಪಿನ ಮನೆಗೆ ಮೂರು ಫೇಸಿನ ತಂತಿಗಳು ಬರುವುವು. ಒಂದೊಂದು ಫೇಸಿನ ಎಳೆತವೂ ಇನ್ನೊಂದರ ಹಿಂದೆ ಸರದಿಯಂತೆ ನಡೆಯುವುದರಿಂದ ಮೋಟಾರಿನೊಳಗೆ ತಾನಾಗಿಯೇ ಒಂದು ಸುತ್ತುವ ಸೆಳೆತ ಹುಟ್ಟುವುದು. ಕುಂಚ ಮುಂತಾದ ಸವೆಯುವ ಭಾಗವೊಂದೂ ಬೇಡವಾದ ಕಾರಣ ಈ ಮೋಟಾರು ಗಟ್ಟಿಯಾದದ್ದು, ಅಗ್ಗವಾದದ್ದು, ಯಾವ ಪೇಟೆಯಲ್ಲಿಯೂ ವೈಂಡಿಂಗ್ ಮಾಡಿಸಬಹುದಾದದ್ದು. ಮೂರರಲ್ಲಿ ಯಾವುದಾದರೂ ಎರಡು ತಂತಿಗಳನ್ನು ಅದಲು ಬದಲು ಮಾಡಿದರೆ ಅದು ಹಿಮ್ಮುಖವಾಗಿ ತಿರುಗುವುದು. ಲೈನಿನ ದುರಸ್ತಿಯಾದ ಮೇಲೆ ಪಂಪು ನಡೆಯುತ್ತಿದ್ದರೂ ನೀರು ಕಡಿಮೆ ಬರುತ್ತಿದೆಯೆಂದು ಕಂಡರೆ, ಬಾವಿಯ ಮೇಲೆ ಅಪವಾದ ಹೊರಿಸುವುದಕ್ಕೆ ಮೊದಲು ತಿರುಗುವ ದಿಕ್ಕನ್ನು ನೋಡತಕ್ಕದ್ದು.

ಮೂರರಲ್ಲಿ ಒಂದು ಫೇಸು ತಪ್ಪಿದರೆ ನಿಂತ ಮೋಟಾರು ಗುಂಯ್‌ಗುಟ್ಟುತ್ತ ನಿಲ್ಲುವುದು; ನಡೆಯುತ್ತಿರುವ ಮೋಟಾರು ಉಳಿದೆರಡು ತಂತಿಗಳಿಂದ ಮಿತಿಮೀರಿ ಪ್ರವಾಹವನ್ನು ಎಳೆದು ಸುಡುವುದು. ಇದನ್ನು ತಡೆಯಲು ಸ್ಟಾರ್ಟರಿನಲ್ಲಿ ಸಾಧನವಿರುವುದು. ಅದನ್ನು ಕಿತ್ತು ಕಂಡೆನ್ಸರ್ ಹಾಕಿ, ಮೂರು ಫೇಸು ಇಲ್ಲದ ಹೊತ್ತಿನಲ್ಲಿಯೂ ಮೋಟಾರು ಓಡಿಸುವ ರೂಢಿ ಅಲ್ಲಲ್ಲಿ ಕಾಣುವುದು. ಹೀಗೆ ಮಾಡಿದವನಿಗೆ ಆ ರಾತ್ರಿ ನೀರು ದೊರೆಯುವುದು ನಿಜ. ಆದರೆ ಅವನ ಮೋಟಾರಿನ ಆಯುಷ್ಯವೂ ನೆರೆಯವರ ವೋಲ್ಟೂ ಕುಗ್ಗುವುವು. 10 ಅಶ್ವಶಕ್ತಿಯವರೆಗಿನ ಪಂಪುಗಳಿಗೆ 2008ರಿಂದ ರಾಜ್ಯದಲ್ಲಿ ವಿದ್ಯುತ್ತಿಗೆ ಶುಲ್ಕವಿಲ್ಲದಿದ್ದರೂ ವೈಂಡಿಂಗಿನವನು ಶುಲ್ಕ ಬಿಡುವುದಿಲ್ಲ. ಆಟೋ ಸ್ವಿಚ್ಚು ಹಾಕಿ ಮಲಗುವ ಅಭ್ಯಾಸವೂ ಇಂತಹುದೇ: ವಿದ್ಯುತ್ತು ಬಂದೊಡನೆ ಎಲ್ಲ ಮೋಟಾರುಗಳೂ ಏಕಕಾಲದಲ್ಲಿ ಎದ್ದು, ಟಿ.ಸಿ.ಯ ಮೇಲೆ ತಾಳಲಾರದ ಭಾರ ಬೀಳುವುದು.

ಸೌರಫಲಕದ ಪಂಪುಗಳಲ್ಲಿ ಎರಡು ವಿಧ. ಎರಡರಲ್ಲಿಯೂ ಫಲಕದಿಂದ ಬರುವುದು ನೇರ ಪ್ರವಾಹವೇ. ಮೊದಲನೆಯ ವಿಧದಲ್ಲಿ ಡಿ.ಸಿ. ಪಂಪು ಎಂದು ಮಾರುವ ಮೋಟಾರು ತನ್ನದೇ ಆದ ಕಂಟ್ರೋಲರಿನ ಮೂಲಕ ನಡೆಯುವುದು. ಎರಡನೆಯದರಲ್ಲಿ ಕಂಟ್ರೋಲರು ನೇರ ಪ್ರವಾಹವನ್ನು ಮೂರು ಫೇಸಿನ ಪರ್ಯಾಯ ಪ್ರವಾಹವಾಗಿ ಮಾರ್ಪಡಿಸಿ ಸಾಮಾನ್ಯ ಜಾತಿಯ ಮೋಟಾರನ್ನೇ ನಡೆಸುವುದು. ಬೆಳಿಗ್ಗೆ ಬಿಸಿಲು ಎಳೆಯದಿರುವಾಗ ಇಂತಹ ಕಂಟ್ರೋಲರು ಸೆಕೆಂಡಿಗೆ 50ಕ್ಕಿಂತ ಕಡಿಮೆ ಆವರ್ತನವನ್ನು ಕೊಟ್ಟು ಮೋಟಾರನ್ನು ಮೆಲ್ಲಗೆ ತಿರುಗಿಸುವುದು. ಆದ್ದರಿಂದ ಬೆಳಗಿನ ನೀರು ಸಣ್ಣಗೆ ಬಂದರೆ ಅದು ಯಂತ್ರದ ದೋಷವಲ್ಲ.

ಎರಡರಲ್ಲಿ ಯಾವುದು ಲೇಸು? ಕೇಂದ್ರದ ನವೀಕರಿಸಬಹುದಾದ ಇಂಧನ ಸಚಿವಾಲಯವು ಗೊತ್ತುಪಡಿಸಿದ ಮಾನಕಗಳನ್ನು ನೋಡಿದರೆ, 50 ಮೀಟರು ಎತ್ತರಕ್ಕೆ ನೀರೆತ್ತುವಲ್ಲಿ, ಒಳ್ಳೆಯ ಬಿಸಿಲಿನ ದಿನ ಫಲಕದ ಪ್ರತಿಯೊಂದು ವಾಟಿಗೆ ಡಿ.ಸಿ. ಪಂಪು 21 ಲೀಟರನ್ನೂ ಏ.ಸಿ. ಪಂಪು 19 ಲೀಟರನ್ನೂ ಕೊಡತಕ್ಕದ್ದು. 5 ಅಶ್ವಶಕ್ತಿಯ ಪಂಪಿಗೆ 4,800 ವಾಟಿನ ಫಲಕವಿದ್ದರೆ, ದಿನಕ್ಕೆ ಮೊದಲನೆಯದರಿಂದ 1,00,800 ಲೀಟರು, ಎರಡನೆಯದರಿಂದ 91,200 ಲೀಟರು. ಒಂದು ಎಕರೆಯಲ್ಲಿ ಒಂದು ಅಂಗುಲ ನೀರು ನಿಲ್ಲಿಸುವುದಕ್ಕೆ ಸುಮಾರು 1,02,800 ಲೀಟರು ಬೇಕು. ಎಂದರೆ ಇಂತಹ ಪಂಪಿನ ಇಡೀ ದಿನದ ದುಡಿಮೆಯು ಹೆಚ್ಚುಕಡಿಮೆ ಎಕರೆಗೊಂದು ಅಂಗುಲ. ತೊಗರಿಗೆ ಹೂವಾಡುವಾಗಲೂ ಕಾಯಿಕಟ್ಟುವಾಗಲೂ ಒಂದೆರಡು ಅಂಗುಲದ ಹದವಾದ ನೀರು ಕೊಡುವವನಿಗೆ ಇದು ಧಾರಾಳವಾಯಿತು. ವರ್ಷಕ್ಕೆ 60ರಿಂದ 100 ಅಂಗುಲದಷ್ಟು ನೀರು ಬೇಡುವ ಕಬ್ಬನ್ನು ಹತ್ತೆಕರೆ ಹಾಕಿ, ಐವತ್ತು ಮೀಟರಿನ ಕೊಳವೆ ಬಾವಿಗೆ ಈ ಪಂಪೊಂದನ್ನೇ ನಂಬಿ ಕೂಡುವುದು ಲೆಕ್ಕ ಬಲ್ಲವರ ಲಕ್ಷಣವಲ್ಲ. ಭೀಮೆಯ ದಂಡೆಯಲ್ಲಿ ನೀರು ಮೇಲೆಯೇ ಇರುವ ಕಡೆ ಎತ್ತರ ಕಡಿಮೆಯಾದಷ್ಟೂ ಅದೇ ಫಲಕದಿಂದ ಹೆಚ್ಚು ನೀರು ದೊರೆಯುವುದು. 30 ಮೀಟರಿಗೆ ವಾಟಿಗೆ 35 ಮತ್ತು 32 ಲೀಟರು ಎಂದು ಅದೇ ಮಾನಕ.

ನೀರಿನ ಲೆಕ್ಕದಲ್ಲಿ ಡಿ.ಸಿ. ಪಂಪಿಗೆ ಸುಮಾರು ಹತ್ತರಲ್ಲಿ ಒಂದು ಪಾಲು ಹೆಚ್ಚಳವಿರುವುದಾದರೂ, ಅದರ ಮೋಟಾರೂ ಕಂಟ್ರೋಲರೂ ಒಂದಕ್ಕೊಂದು ಹೊಂದಿಸಿ ಮಾಡಿದ ಜೋಡಿ. ಕೆಟ್ಟರೆ ಮಾಡಿದ ಕಾರ್ಖಾನೆಯವರೇ ಬರಬೇಕು. ತಾಲ್ಲೂಕಿನ ವೈಂಡಿಂಗ್ ಅಂಗಡಿಯಲ್ಲಿ ಅದು ಸಾಮಾನ್ಯವಾಗಿ ದುರಸ್ತಿಯಾಗದು. ತೊಗರಿ ಹೂವಾಡುವ ಹದಿನೈದು ದಿನಗಳಲ್ಲಿ ಪಂಪು ನಿಂತರೆ ಹತ್ತನೆಯ ಒಂದು ಪಾಲಿನ ಹೆಚ್ಚಳವು ಯಾವ ಕೆಲಸಕ್ಕೂ ಬಾರದು. ಆದುದರಿಂದ ಕಲಬುರಗಿಯಲ್ಲಾಗಲಿ ಸಮೀಪದಲ್ಲಾಗಲಿ ದುರಸ್ತಿಯ ಏರ್ಪಾಡುಳ್ಳವರಿಂದ ಬರಹದಲ್ಲಿ ಹೊಣೆ ಪಡೆದು ಕೊಳ್ಳುವವರಿಗೆ ಡಿ.ಸಿ. ಪಂಪು ಯೋಗ್ಯ, ಉಳಿದವರಿಗೆ ಏ.ಸಿ. ಪಂಪೇ ಕ್ಷೇಮಕರವೆಂದು ಹೇಳಬೇಕಾಗುವುದು.

ಮತ್ತೊಂದು ಮಾತು. ಬಿಸಿಲು ಹೆಚ್ಚಾದಷ್ಟೂ ನೀರು ಹೆಚ್ಚೆಂದು ಎಲ್ಲರೂ ಎಣಿಸುವರು. ಬೆಳಕು ಹೆಚ್ಚಿದರೆ ಹೌದು. ಕಾವು ಹೆಚ್ಚಿದರೆ ಅಲ್ಲ. ಫಲಕದ ಶಾಖವು 25 ಡಿಗ್ರಿಯನ್ನು ಮೀರಿದ ಪ್ರತಿಯೊಂದು ಡಿಗ್ರಿಗೆ ಅದರ ಶಕ್ತಿಯು ನೂರಕ್ಕೆ ಸುಮಾರು 0.4ರಂತೆ ಇಳಿಯುವುದು. ಈ ಸೀಮೆಯ ಮೇ ತಿಂಗಳ ಮಧ್ಯಾಹ್ನದಲ್ಲಿ ಫಲಕವು 65 ಡಿಗ್ರಿಗೆ ಕಾದರೆ ನೂರಕ್ಕೆ 16 ಪಾಲು ಕಳೆದಂತಾಯಿತು. ಎರೆಮಣ್ಣಿನ ಧೂಳು ಕುಳಿತರೆ ಇನ್ನಷ್ಟು ಕಳೆಯುವುದು. ಫಲಕಗಳನ್ನು ಬೆಳಗಿನ ತಂಪಿನಲ್ಲಿ ತೊಳೆಯತಕ್ಕದ್ದು. ಕಾದ ಗಾಜಿನ ಮೇಲೆ ತಣ್ಣೀರು ಎರಚಲಾಗದು.

ಈಗ ಅಪಾಯದ ವಿಚಾರ. ಸ್ವಿಚ್ಚನ್ನು ಆರಿಸುವಾಗ ತಾಮ್ರದ ತುದಿಗಳು ಬೇರ್ಪಡುವ ಸಂದಿಯಲ್ಲಿ ಒಂದು ಕಿಡಿ ಹಾರುವುದು. ಪರ್ಯಾಯ ಪ್ರವಾಹವು ಸೆಕೆಂಡಿಗೆ ನೂರು ಸಾರಿ ಸೊನ್ನೆಯಾಗುವುದೆಂದು ಮೊದಲೇ ಹೇಳಿರುವುದಷ್ಟೆ. ಆ ಸೊನ್ನೆಯ ಕ್ಷಣದಲ್ಲಿ ಕಿಡಿಯು ತಾನಾಗಿಯೇ ನಂದುವುದು. ನೇರ ಪ್ರವಾಹಕ್ಕೆ ಸೊನ್ನೆಯೆಂಬುದಿಲ್ಲ. ಹತ್ತಿದ ಕಿಡಿ ಉರಿಯುತ್ತಲೇ ಇದ್ದು ಸ್ವಿಚ್ಚನ್ನೂ ಪೆಟ್ಟಿಗೆಯನ್ನೂ ಪಕ್ಕದ ಕಣಿಕೆಯ ಬಣವೆಯನ್ನೂ ಸುಡಬಲ್ಲುದು. ಆದ ಕಾರಣ ಮನೆಯಲ್ಲಿ ಉಳಿದಿದ್ದ ಹಳೆಯ ಏ.ಸಿ. ಸ್ವಿಚ್ಚನ್ನು ಫಲಕದ ತಂತಿಗೆ ಹಾಕುವ ಮಿತವ್ಯಯವು ಎಂದಿಗೂ ಸಲ್ಲದು. ಸ್ವಿಚ್ಚಿನ ಮೇಲೆ ಡಿ.ಸಿ. ಎಂಬ ಬರಹವೋ, ಒಂದು ನೇರ ಗೆರೆಯೂ ಅದರ ಕೆಳಗೆ ತುಂಡು ಗೆರೆಯೂ ಇರುವ ಗುರುತೋ ಇರಬೇಕು. ಅಲೆಯಂತೆ ಬಾಗಿದ ಗೆರೆಯು ಏ.ಸಿ.ಯ ಗುರುತು. ಬರೆದಿರುವ ವೋಲ್ಟು ಫಲಕಗಳ ಒಟ್ಟು ವೋಲ್ಟಿಗಿಂತ ಹೆಚ್ಚಿರಬೇಕು. ಒಂದು ಫಲಕದ ಬಿಡಿ ವೋಲ್ಟು ನಲವತ್ತು ಐವತ್ತೇ ಆದರೂ ಹತ್ತು ಫಲಕಗಳನ್ನು ಸಾಲಾಗಿ ಕೂಡಿಸಿದಾಗ ಅದು ನಾನೂರು ಐನೂರಕ್ಕೆ ಏರುವುದು.

ಕಂಬದ ವಿದ್ಯುತ್ತನ್ನು ಲೈನ್‌ಮನ್ ಬಂದು ನಿಲ್ಲಿಸಬಹುದು. ಬಿಸಿಲಿರುವ ತನಕ ಫಲಕವನ್ನು ನಿಲ್ಲಿಸಬಲ್ಲವರು ಯಾರೂ ಇಲ್ಲ. ಸ್ವಿಚ್ಚು ಆರಿಸಿದ ಮೇಲೆಯೂ ಫಲಕದಿಂದ ಸ್ವಿಚ್ಚಿನವರೆಗಿನ ತಂತಿಗಳು ಜೀವಂತವಾಗಿಯೇ ಇರುವುವು. ಹೊಲದವರೆಲ್ಲರೂ ಜೇಬಿನಲ್ಲಿಟ್ಟುಕೊಳ್ಳುವ ಟೆಸ್ಟರನ್ನು ಇಲ್ಲಿ ನಂಬಲೇಬಾರದು. ಕಂಬದ ತಂತಿಯ ಒಂದು ತುದಿಯು ಟಿ.ಸಿ.ಯ ಬಳಿ ಭೂಮಿಗೆ ಸೇರಿರುವುದರಿಂದ ಅಲ್ಲಿ ಟೆಸ್ಟರು ಹೊತ್ತುವುದು. ಫಲಕದ ತಂತಿಗಳಿಗೆ ಸಾಮಾನ್ಯವಾಗಿ ಆ ಸಂಬಂಧವಿಲ್ಲದ ಕಾರಣ, ಐನೂರು ವೋಲ್ಟಿದ್ದರೂ ಟೆಸ್ಟರಿನ ದೀಪ ಹೊತ್ತದಿರಬಹುದು. ದೀಪ ಹೊತ್ತಲಿಲ್ಲವೆಂದು ಎರಡು ತಂತಿಗಳನ್ನೂ ಹಿಡಿದವನ ಗತಿಯನ್ನು ವಿವರಿಸಬೇಕಾದುದಿಲ್ಲ. ದುರಸ್ತಿಯನ್ನು ಬಲ್ಲವರು, ಅದೂ ಸೂರ್ಯನು ಹುಟ್ಟುವುದಕ್ಕೆ ಮೊದಲು ಇಲ್ಲವೆ ಮುಳುಗಿದ ಮೇಲೆ, ಅಥವಾ ಫಲಕಗಳ ಮೇಲೆ ದಪ್ಪ ತಾಡಪತ್ರಿ ಹೊದಿಸಿ ಮಾಡತಕ್ಕದ್ದು.

ಡೀಸೆಲ್ ಜನರೇಟರ್ ಇಟ್ಟವರು ಅದನ್ನು ಕಂಬದ ತಂತಿಗೆ ನೇರವಾಗಿ ಸೇರಿಸಿದರೆ, ಅದರ ಪರ್ಯಾಯ ಪ್ರವಾಹವು ಟಿ.ಸಿ.ಯಲ್ಲಿ ಹಿಂದುಮುಂದಾಗಿ ಏರಿ 11,000 ವೋಲ್ಟಾಗಿ, ಲೈನು ಸತ್ತಿದೆಯೆಂದು ನಂಬಿ ಕಂಬವೇರಿದ ಲೈನ್‌ಮನ್ನನನ್ನು ಕೊಲ್ಲುವುದು. ಎರಡರಲ್ಲಿ ಒಂದೇ ಸೇರುವಂತೆ ಮಾಡುವ ಚೇಂಜ್‌ಓವರ್ ಸ್ವಿಚ್ಚು ಇಲ್ಲದೆ ಜನರೇಟರ್ ನಡೆಸಲಾಗದು.

ಗ್ರಾಮದ ಮುಖಂಡರು ಎಲ್ಲಕ್ಕಿಂತ ಹೆಚ್ಚಾಗಿ ಗಮನವಿಡಬೇಕಾದುದು ಬೇಲಿಯ ವಿಚಾರದಲ್ಲಿ. ಕಾಡುಹಂದಿ ಜಿಂಕೆಗಳ ಕಾಟಕ್ಕೆ ಬೇಸತ್ತ ರೈತನು ಬ್ಯಾಟರಿಯ ಬೇಲಿಯನ್ನು ನೆರೆಯೂರಿನಲ್ಲಿ ಕಂಡು ಬರುವನು. ಅದರ ಯಂತ್ರವು 12 ವೋಲ್ಟಿನ ನೇರ ಪ್ರವಾಹವನ್ನು ತೆಗೆದುಕೊಂಡು, ಸಾವಿರಾರು ವೋಲ್ಟಿನ, ಆದರೆ ಅತ್ಯಲ್ಪ ಕಾಲದ ಬಡಿತಗಳಾಗಿ ಬೇಲಿಗೆ ಕಳುಹಿಸುವುದು. ಬಡಿತವು ಸೆಕೆಂಡಿಗೆ ಒಂದಕ್ಕಿಂತ ಹೆಚ್ಚಿರಲಾಗದು. ಒಂದೊಂದು ಬಡಿತವೂ ಸೆಕೆಂಡಿನ ನೂರರಲ್ಲಿ ಒಂದು ಪಾಲನ್ನು ಮೀರಲಾಗದು. ಮುಟ್ಟಿದ ಪ್ರಾಣಿಗೆ ಚಾಟಿಯೇಟಿನಂತಾಗಿ, ಮುಂದಿನ ಬಡಿತದೊಳಗೆ ಅದು ಹಿಂದೆ ಸರಿಯುವುದು. ಯಂತ್ರಕ್ಕೆ ಹಣವಿಲ್ಲದವನು ಬರಿಯ ಬ್ಯಾಟರಿಯನ್ನೇ ಬೇಲಿಗೆ ಕಟ್ಟಿ ನೋಡುವನು. 12 ವೋಲ್ಟಿಗೆ ಹಂದಿ ಹೆದರುವುದಿಲ್ಲ. ಆಗ ವಿದ್ಯುತ್ತೆಲ್ಲ ಒಂದೇ ಎಂದು ತಿಳಿದು ಪಂಪಿನ ಮನೆಯಿಂದ ತಂತಿಯೊಂದನ್ನು ಬೇಲಿಗೆ ಎಳೆಯುವನು. ಆ 230 ವೋಲ್ಟಿನ ಪರ್ಯಾಯ ಪ್ರವಾಹಕ್ಕೆ ಬಡಿತದ ನಡುವಣ ಬಿಡುವೆಂಬುದಿಲ್ಲ. ಹಿಡಿದ ಕೈಯ ಸ್ನಾಯುಗಳು ಬಿಗಿದು ತಂತಿಯನ್ನು ಬಿಡಲಾರವು. ಆಂಪಿಯರಿನ ಹತ್ತನೆಯ ಒಂದು ಪಾಲು ಎದೆಯ ಮೂಲಕ ಹರಿದರೂ ಹೃದಯದ ತಾಳ ಕೆಟ್ಟು ಮನುಷ್ಯನು ಸಾಯುವನು. ಸಾಯುವವರು ಕಳ್ಳರಲ್ಲ, ನಸುಕಿನಲ್ಲಿ ಹೊಲಕ್ಕೆ ನೀರು ಹಾಯಿಸಲು ಹೊರಟ ನೆರೆಯವನು, ದನ ಕಾಯುವ ಹುಡುಗ, ಇಲ್ಲವೆ ತಂತಿ ಕಟ್ಟಿದವನ ಮನೆಯವರೇ. 2003ರ ವಿದ್ಯುತ್ ಕಾಯಿದೆಯಂತೆ ಹೀಗೆ ತಂತಿ ಎಳೆಯುವುದು ಕಳ್ಳತನ. ಪ್ರಾಣಹಾನಿಯಾದರೆ ನರಹತ್ಯೆಯ ಮೊಕದ್ದಮೆಯೂ ನಡೆಯುವುದು.

ಇಂತಹ ಬೇಲಿ ಕಂಡುಬಂದಲ್ಲಿ ಯಾರೂ ಅದನ್ನು ಮುಟ್ಟಿ ಪರೀಕ್ಷಿಸದೆ, ಹಸಿ ನೆಲದಲ್ಲಿ ಹತ್ತಿರ ಹೋಗದೆ, ವಿದ್ಯುತ್ ಕಂಪನಿಯ ಶಾಖಾ ಕಚೇರಿಗೆ ಕೂಡಲೆ ತಿಳಿಸಿ ಲೈನನ್ನು ನಿಲ್ಲಿಸಿಸಬೇಕು. ಒಬ್ಬರು ಸಿಕ್ಕಿಕೊಂಡಿದ್ದರೆ ಮೊದಲು ಸ್ವಿಚ್ಚನ್ನು ಆರಿಸುವುದು. ಅದು ದೂರವಿದ್ದರೆ ಒಣಗಿದ ಕಟ್ಟಿಗೆಯಿಂದ ತಂತಿಯನ್ನು ಸರಿಸುವುದು. ಬರಿಗೈಯಿಂದ ಮೈ ಮುಟ್ಟಲಾಗದು. ಯಂತ್ರದ ಬೇಲಿಯನ್ನೇ ಹಾಕಿಸುವವರು ದಾರಿಯ ಮಗ್ಗುಲಲ್ಲಿ ದೂರದಿಂದ ಕಾಣುವಂತೆ ಎಚ್ಚರಿಕೆಯ ಹಲಗೆಗಳನ್ನು ತೂಗಹಾಕತಕ್ಕದ್ದು. ಅದರ ಭೂಸಂಪರ್ಕದ ಸಲಾಕೆಯನ್ನು ಪಂಪಿನ ಅಥವಾ ಮನೆಯ ಭೂಸಂಪರ್ಕದಿಂದ 10 ಮೀಟರಿಗೆ ಕಡಿಮೆಯಿಲ್ಲದ ದೂರದಲ್ಲಿ ಹೂಳಿಸತಕ್ಕದ್ದು.